ಶಿಕ್ಷಕರ ಪರವಾಗಿ ಸಹಿ ಹಾಕುವವರು ಯಾರು?



ವಿದೇಶಕ್ಕೆ ಹೋಗಲಿರುವ ಬಿ.ಎಡ್. ಪದವೀಧರರಿಗೆ ನಿಮ್ಮ ಪತ್ರಿಕೆಯ ಶಿಕ್ಷಣ ಪುರವಣಿ ಕೊಟ್ಟ ಸಲಹೆಗಳನ್ನು ಓದಿದೆ. ಹೊರಡುವ ಮೊದಲು ಒಂದು ಅಂತರರಾಷ್ಟ್ರೀಯ ಆನ್‌ಲೈನ್ ಕೋರ್ಸ್ ಮುಗಿಸಿಕೊಂಡರೆ ಅಲ್ಲಿ ಕೆಲಸ ಸಲೀಸು ಎಂಬುದು ಅದರ ಸಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಬಿ.ಎಡ್. ಮಾಡಿ, ಮದುವೆಯಾಗಿ ದುಬೈ, ಲಂಡನ್, ಮೆಲ್ಬರ್ನ್ ಸೇರಿದ ಹಳೆಯ ವಿದ್ಯಾರ್ಥಿನಿಯರು ನನಗೆ ಬೇಕಾದಷ್ಟಿದ್ದಾರೆ. ಹೊರಡುವ ಮುಂಚೆ ಫೈಲು ಹಿಡಿದು ಮನೆಗೆ ಬರುತ್ತಾರೆ. ಆ ಫೈಲುಗಳಲ್ಲಿ ಕೋರ್ಸಿನ ಕೊರತೆ ನನಗೆ ಕಂಡಿದ್ದು ಕಡಿಮೆ. ನಮ್ಮ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಕೊಡಬೇಕಾದ ಕಾಗದ ಇರುವುದಿಲ್ಲ. ಇದ್ದರೂ ಅದರಲ್ಲಿ ಇರಬೇಕಾದ ಮಾತು ಇರುವುದಿಲ್ಲ.

ಇಂಗ್ಲೆಂಡನ್ನೇ ನೋಡಿ. ಅಲ್ಲಿ ಅರ್ಹ ಶಿಕ್ಷಕರೆಂಬ ಮಾನ್ಯತೆಗೆ ಕ್ಯುಟಿಎಸ್ ಎನ್ನುತ್ತಾರೆ. 2023ರ ಫೆಬ್ರುವರಿಯಿಂದ ಭಾರತದಲ್ಲಿ ತರಬೇತಾದವರೂ ಮತ್ತೆ ತರಬೇತಿ ಪಡೆಯದೆ ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಷರತ್ತುಗಳಿವೆ: 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ತರಬೇತಿಯಾಗಿರಬೇಕು, ಕನಿಷ್ಠ ಒಂದು ಶೈಕ್ಷಣಿಕ ವರ್ಷ ಪಾಠ ಮಾಡಿರಬೇಕು. (ಸಮಾಜ ವಿಜ್ಞಾನದವರಿಗೆ ಈ ದಾರಿಯಿಲ್ಲ, ನಿಮ್ಮ ಪುರವಣಿ ಅದನ್ನು ಹೇಳಲೇ ಇಲ್ಲ.) ಬಿ.ಎಸ್ಸಿ., ಬಿ.ಎಡ್. ಮಾಡಿ ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹುಡುಗಿಗೆ ಇವೆಲ್ಲ ಇದ್ದೇ ಇರುತ್ತವೆ. ಮನೆಯಲ್ಲೇ ಕೂತು ಮಾಡುವ ಅಂತರರಾಷ್ಟ್ರೀಯ ಪಿಜಿಸಿಇ ಕೋರ್ಸ್ ಎಂದು ಏಜೆಂಟರು ಮಾರುತ್ತಾರಲ್ಲ, ಅದೊಂದನ್ನೇ ಮುಗಿಸಿದರೆ ಕ್ಯುಟಿಎಸ್ ಬರುವುದಿಲ್ಲ. ಶುಲ್ಕ ಕಟ್ಟಿಸಿಕೊಳ್ಳುವವರೆಗೆ ಅವರು ಆ ಮಾತೆತ್ತುವುದಿಲ್ಲ.

ನಿಜವಾಗಿ ತೊಡಕಾಗುವುದು ಮುಂದಿನ ಷರತ್ತು. ‘ಇವರು ನಮ್ಮಲ್ಲಿ ಶಿಕ್ಷಕಿಯಾಗಲು ಅರ್ಹರು, ಇವರ ಮೇಲೆ ಶಿಸ್ತುಕ್ರಮ ಯಾವುದೂ ಇಲ್ಲ’ ಎಂದು ಅಧಿಕಾರವುಳ್ಳ ಕಚೇರಿಯೊಂದು ಬರೆದುಕೊಡಬೇಕು. ಕೆನಡಾದ ಒಂಟಾರಿಯೊದಲ್ಲೂ ಶಿಕ್ಷಕರಾಗಿ ನೋಂದಾಯಿಸಿಕೊಳ್ಳಲು ಇಂಥದೇ ಪತ್ರ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಮಕ್ಕಳನ್ನು ಯಾರ ಕೈಗೊಪ್ಪಿಸುತ್ತಿದ್ದೇವೆ ಎಂದು ಯಾವ ದೇಶವಾದರೂ ವಿಚಾರಿಸಬೇಕಾದ್ದೇ.

ಈ ಪತ್ರಕ್ಕಾಗಿ ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ನಾನೇ ಕಚೇರಿಗಳನ್ನು ಸುತ್ತಿದ್ದೇನೆ. ಅವಳು ಖಾಸಗಿ ಶಾಲೆಯಲ್ಲಿದ್ದವಳು. ಮೊದಲ ಕಚೇರಿಯ ಗುಮಾಸ್ತರು ಇಂಗ್ಲಿಷಿನಲ್ಲಿದ್ದ ಆ ನಿಬಂಧನೆಯನ್ನು ತಿರುಗಿಸಿ ಮುರುಗಿಸಿ ಓದಿ, “ಇದಕ್ಕೆ ನಮೂನೆ ಇಲ್ಲ ಮೇಡಂ. ಬೇರೆ ಯಾರಿಗಾದರೂ ಕೊಟ್ಟಿದ್ದರೆ ಒಂದು ಜೆರಾಕ್ಸ್ ತನ್ನಿ, ಹಾಗೇ ಮಾಡಿಕೊಡೋಣ” ಎಂದರು. ಅವರನ್ನು ದೂರಲಾರೆ, ಸುತ್ತೋಲೆ ಇಲ್ಲದೆ ಅವರಾದರೂ ಯಾವ ಧೈರ್ಯದ ಮೇಲೆ ಟಿಪ್ಪಣಿ ಹಾಕಬೇಕು? ಮೇಲಿನ ಕಚೇರಿಗೆ ಹೋದರೆ, ಖಾಸಗಿ ಶಾಲೆಯವರ ಸೇವಾ ಪುಸ್ತಕ ನಮ್ಮಲ್ಲಿ ಇರುವುದಿಲ್ಲ, ಶಾಲೆಯ ಆಡಳಿತ ಮಂಡಳಿಯನ್ನೇ ಕೇಳಿ ಎಂದರು. ಕೊನೆಗೆ ದೊಡ್ಡ ಮನಸ್ಸಿನ ಅಧಿಕಾರಿಯೊಬ್ಬರು ಲೆಟರ್‌ಹೆಡ್ ಮೇಲೆ ಬರೆಸಿಕೊಟ್ಟರು: ‘ಸದರಿಯವರು ನನಗೆ ತಿಳಿದ ಮಟ್ಟಿಗೆ ಒಳ್ಳೆಯ ನಡತೆಯುಳ್ಳವರಾಗಿರುತ್ತಾರೆ.’ ಅರ್ಹತೆಯ ಮಾತಿಲ್ಲ, ಶಿಸ್ತುಕ್ರಮದ ಮಾತಿಲ್ಲ. ಕೆಳಗೆ ಕಚೇರಿಯ ಇಮೇಲ್ ವಿಳಾಸವೆಂದು ಒಂದು ಜಿಮೇಲ್ ಖಾತೆ. ಅದನ್ನು ಪತ್ರ ಕೇಳಿದ ದೇಶದವರು ಒಪ್ಪಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ವೈದ್ಯರಿಗೆ ಈ ಪಾಡಿಲ್ಲ. ಅವರ ಹೆಸರು ವೈದ್ಯಕೀಯ ಪರಿಷತ್ತಿನಲ್ಲಿ ದಾಖಲಾಗಿರುತ್ತದೆ, ಅರ್ಜಿ ಕೊಟ್ಟರೆ ಪ್ರಮಾಣಪತ್ರ ಬರುತ್ತದೆ. ನರ್ಸುಗಳಿಗೆ ನರ್ಸಿಂಗ್ ಪರಿಷತ್ತಿದೆ. ವಕೀಲರಿಗೂ ಪರಿಷತ್ತಿದೆ. ಶಿಕ್ಷಕರಿಗೆ? ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 1993ರ ಕಾಯ್ದೆಯಿಂದ ಶಾಸನಬದ್ಧವಾದದ್ದು. ಅದು ಮಾನ್ಯತೆ ಕೊಡುವುದು ಬಿ.ಎಡ್. ಕಾಲೇಜಿಗೆ, ಅಲ್ಲಿ ಓದಿ ಹೊರಬಂದವರ ಪಟ್ಟಿ ಇಡುವುದಿಲ್ಲ. ಟಿಇಟಿ ಇದೆಯಲ್ಲ ಎನ್ನಬಹುದು. ಅದು ಎಂಟನೇ ತರಗತಿವರೆಗಿನ ಶಿಕ್ಷಕರ ಅರ್ಹತಾ ಪರೀಕ್ಷೆ. ಒಂಬತ್ತು, ಹತ್ತನೇ ತರಗತಿಗೆ ಕಲಿಸುವವರು ಅದನ್ನು ಬರೆದಿರಬೇಕೆಂದೇನೂ ಇಲ್ಲ, ಬರೆದಿದ್ದರೂ ಅದರಿಂದ ನಡತೆಯ ಬಗ್ಗೆ ಏನೂ ತಿಳಿಯದು.

ವಿಶ್ವವಿದ್ಯಾಲಯಗಳ ಪಾಲೂ ಇದರಲ್ಲಿದೆ. ಆಸ್ಟ್ರೇಲಿಯಾಕ್ಕೆ ಶಿಕ್ಷಕರಾಗಿ ವಲಸೆ ಹೋಗುವವರ ಅರ್ಹತೆ ಅಳೆಯುವ ಸಂಸ್ಥೆ ಎಐಟಿಎಸ್‌ಎಲ್. ಮೇಲ್ವಿಚಾರಣೆಯಲ್ಲಿ ಕನಿಷ್ಠ 45 ದಿನ ಶಾಲೆಯಲ್ಲಿ ಪಾಠ ಮಾಡಿದ್ದಕ್ಕೆ ಅದು ದಾಖಲೆ ಕೇಳುತ್ತದೆ. ನಮ್ಮ ಎರಡು ವರ್ಷದ ಬಿ.ಎಡ್.ನಲ್ಲಿ, ಎನ್‌ಸಿಟಿಇಯ 2014ರ ನಿಯಮದ ಪ್ರಕಾರ, ಶಾಲೆಯಲ್ಲಿ ಕಳೆಯಬೇಕಾದ್ದು 20 ವಾರ. ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ಆದರೆ ನಾನು ನೋಡಿದ ಅಂಕಪಟ್ಟಿಗಳಲ್ಲಿ ‘ಇಂಟರ್ನ್‌ಶಿಪ್’ ಎಂಬುದರ ಎದುರು ಅಂಕ ಇದೆ, ದಿನ ಇಲ್ಲ. ಯಾವ ಶಾಲೆ, ಯಾವ ವಯಸ್ಸಿನ ಮಕ್ಕಳು ಎಂಬುದೂ ಇಲ್ಲ. ಅದನ್ನು ಬರೆಸಲು ಕಾಲೇಜಿಗೆ ಹೋದರೆ ಪ್ರಾಂಶುಪಾಲರು ಬದಲಾಗಿರುತ್ತಾರೆ, ಪಾಠ ಯೋಜನೆಯ ಪುಸ್ತಕಗಳು ರದ್ದಿಗೆ ಹೋಗಿರುತ್ತವೆ.

ಇದೇ ಜಾಗದಲ್ಲಿ ಒಂದು ಕಟುವಾದ ಮಾತನ್ನೂ ಹೇಳಬೇಕು. ‘ನಾನ್-ಅಟೆಂಡಿಂಗ್’ ಬಿ.ಎಡ್. ಎಂಬ ದಂಧೆ ಗೊತ್ತಿಲ್ಲದವರು ನಮ್ಮ ಕಸುಬಿನಲ್ಲಿಲ್ಲ. ದುಡ್ಡು ಕಟ್ಟಿದರೆ ತರಗತಿಗೆ ಬರಬೇಕಾಗಿಲ್ಲ, ಪಾಠದ ಪುಸ್ತಕವನ್ನೂ ಬೇರೆಯವರೇ ಬರೆದುಕೊಡುತ್ತಾರೆ. ಇಲ್ಲಿ ನಡೆದುಹೋಗುತ್ತದೆ. ಎಷ್ಟು ದಿನ, ಯಾವ ಶಾಲೆ, ಯಾರ ಮೇಲ್ವಿಚಾರಣೆ ಎಂದು ಹೊರಗಿನವರು ಕೇಳಿದಾಗ ನಡೆಯುವುದಿಲ್ಲ. ವಿದೇಶಕ್ಕೆ ಹೋಗುವ ಯೋಚನೆ ಇರುವವರು ಆ ಕಡೆ ತಲೆ ಹಾಕಿಯೂ ಮಲಗಬಾರದು. ದಿನದ ಲೆಕ್ಕ ಬರೆಯಲು ವಿಶ್ವವಿದ್ಯಾಲಯಗಳು ಯಾಕೆ ಹಿಂದೇಟು ಹಾಕುತ್ತವೆ ಎಂಬುದಕ್ಕೂ ಇದೇ ಕಾರಣವಿರಬಹುದೆಂದು ನನ್ನ ಅನುಮಾನ.

ಕೊಲ್ಲಿ ದೇಶಗಳ ವಿಚಾರ ಇಷ್ಟು ಜಟಿಲವಲ್ಲ. ಅಲ್ಲಿನ ಸಿಬಿಎಸ್‌ಇ ಶಾಲೆಗಳಿಗೆ ನಮ್ಮ ಬಿ.ಎಡ್. ಪರಿಚಿತ. ಯುಎಇಗಾದರೆ ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ರಾಯಭಾರ ಕಚೇರಿಯ ಮುದ್ರೆ ಬೇಕು. ಅಲ್ಲಿ ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮೊದಲು, ಬಿ.ಎಡ್. ಪದವಿಯಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯ ನಂತರದ ಕಾಗದಗಳಲ್ಲಿ ಗಂಡನದು. ಒಬ್ಬಳೇ ಹುಡುಗಿ, ನಾಲ್ಕು ಹೆಸರು. ಬಿ.ಎಡ್. ಸೇರುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇಲ್ಲೇ ಸಾವಿರಾರು ಹುದ್ದೆ ಖಾಲಿ ಇರುವಾಗ ಹೊರಗೆ ಹೋಗುವವರಿಗೆ ಸರ್ಕಾರ ಯಾಕೆ ನೆರವಾಗಬೇಕು ಎಂದು ಕೇಳುವವರಿದ್ದಾರೆ. ಗಂಡನ ನೌಕರಿ ಬರ್ಮಿಂಗ್‌ಹ್ಯಾಮಿನಲ್ಲಿ ಇರುವವಳು ಪತ್ರ ಸಿಗಲಿಲ್ಲವೆಂದು ಸಾಗರದಲ್ಲಿ ಉಳಿಯುವುದಿಲ್ಲ. ಹೋಗಿಯೇ ಹೋಗುತ್ತಾಳೆ, ಹೋಗಿ, ಬಿ.ಎಡ್. ಇಟ್ಟುಕೊಂಡು ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಇನ್ನು ಇಲ್ಲೇ ಉಳಿದವರಿಗೂ ಇಂಥ ಪತ್ರದ ಉಪಯೋಗವಿದೆ. ಸಂಬಳ ನಗದಿನಲ್ಲಿ ಕೊಟ್ಟು, ನೇಮಕಾತಿ ಆದೇಶವನ್ನೇ ಕೊಡದ ಖಾಸಗಿ ಶಾಲೆಗಳಲ್ಲಿ ದುಡಿದವರಿಗೆ ತಾವು ದುಡಿದದ್ದಕ್ಕೆ ಒಂದು ಗುರುತಾದರೂ ಉಳಿಯುತ್ತದೆ.

ಇದಕ್ಕೆ ಹೊಸ ಪರಿಷತ್ತು, ಹೊಸ ಕಟ್ಟಡ ಬೇಕಾಗಿಲ್ಲ. ಖಾಸಗಿ ಶಾಲೆಗಳೂ ಸೇರಿ ಎಲ್ಲ ಶಾಲೆಗಳು ಪ್ರತಿ ವರ್ಷ ಯುಡೈಸ್ ಎಂಬ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ತಮ್ಮ ಶಿಕ್ಷಕರ ವಿದ್ಯಾರ್ಹತೆ, ಕಲಿಸುವ ವಿಷಯವನ್ನು ತುಂಬುತ್ತವೆ. ಆ ಮಾಹಿತಿಯನ್ನೇ ಆಧಾರವಾಗಿಟ್ಟುಕೊಂಡು, ಶಿಸ್ತುಕ್ರಮದ ಬಗ್ಗೆ ಶಾಲೆಯಿಂದ ಲಿಖಿತ ಹೇಳಿಕೆ ಪಡೆದು, ಶಾಲಾ ಶಿಕ್ಷಣ ಇಲಾಖೆ ಇಂಗ್ಲಿಷಿನಲ್ಲಿ ಒಂದು ನಮೂನೆ ಸಿದ್ಧಪಡಿಸಲಿ. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಬರಲಿ, 2011ರ ಸಕಾಲ ಕಾಯ್ದೆಯಡಿ ಅದಕ್ಕೊಂದು ಗಡುವು ಇರಲಿ, ಸಹಿ ಮಾಡುವ ಅಧಿಕಾರಿ ಯಾರೆಂದು ಗೊತ್ತುಮಾಡಲಿ, ಅವರಿಗೆ ಸರ್ಕಾರದ ಇಮೇಲ್ ವಿಳಾಸ ಕೊಡಲಿ. ವಿಶ್ವವಿದ್ಯಾಲಯಗಳು ಬಿ.ಎಡ್. ಅಂಕಪಟ್ಟಿಯಲ್ಲಿ ಇಂಟರ್ನ್‌ಶಿಪ್ಪಿನ ದಿನಗಳನ್ನೂ ತರಗತಿಗಳನ್ನೂ ನಮೂದಿಸಲಿ.

ಇಂಥದೊಂದು ಸುತ್ತೋಲೆ ಈಗಾಗಲೇ ಹೊರಟಿದೆ ಎನ್ನುವುದಾದರೆ, ಇಲಾಖೆಯವರು ಅದರ ಸಂಖ್ಯೆ ಮತ್ತು ದಿನಾಂಕವನ್ನು ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ಪ್ರಕಟಿಸಲಿ. ಆ ಗುಮಾಸ್ತರು ಕೇಳಿದ ಜೆರಾಕ್ಸನ್ನು ನಾನೇ ಕೊಟ್ಟು ಬರುತ್ತೇನೆ.

– ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಾಗರ