ಬೀಗ ಹಾಕುವ ಅಧಿಕಾರವಿದೆ, ಆದರೆ ಕಸ ಪಾಲಿಕೆಯದ್ದಾದರೆ?

ಕಸ ವಿಲೇವಾರಿ ಘಟಕಕ್ಕೆ ಒಮ್ಮೆ ಪರವಾನಿಗೆ ಸಿಕ್ಕಿದರೆ ಮತ್ತೆ ಅಲ್ಲಿ ಏನು ಮಾಡಿದರೂ ಕೇಳುವ ಹಾಗಿಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಕಾನೂನು ಹಾಗೆ ಹೇಳುವುದಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೇಂದ್ರ ಸರಕಾರ ಯಾವುದೇ ವ್ಯಕ್ತಿ, ಅಧಿಕಾರಿ ಅಥವಾ ಪ್ರಾಧಿಕಾರಕ್ಕೆ ಲಿಖಿತ ನಿರ್ದೇಶನ ಕೊಡಬಹುದು. ಘಟಕ ಮುಚ್ಚಿಸಬಹುದು, ಕೆಲಸದ ಕ್ರಮ ಬದಲಿಸಲು ಹೇಳಬಹುದು, ಕರೆಂಟು-ನೀರು ಕಡಿತ ಮಾಡಿಸಬಹುದು. ಜಲಮಾಲಿನ್ಯ ಕಾಯ್ದೆಯ 33ಎ ಸೆಕ್ಷನ್ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಇಂತಹದ್ದೇ ಅಧಿಕಾರ ಕೊಟ್ಟಿದೆ.

ಖಾಸಗಿ ಫ್ಯಾಕ್ಟರಿಯ ಮೇಲೆ ಈ ಅಸ್ತ್ರ ಚೆನ್ನಾಗಿ ನಾಟುತ್ತದೆ. ಕರೆಂಟು ಹೋದರೆ ಮಾಲಕ ಮರುದಿನವೇ ಕಚೇರಿಗೆ ಓಡಿ ಬರುತ್ತಾನೆ. ಆದರೆ ಘಟಕ ನಗರಪಾಲಿಕೆಯದ್ದೇ ಆದರೆ? ಮುಚ್ಚಿಸಿದರೆ ನಾಳೆ ಬೆಳಗ್ಗಿನ ಕಸ ಎಲ್ಲಿಗೆ ಹೋಗಬೇಕು? ಈ ಒಂದು ಪ್ರಶ್ನೆಯ ಮುಂದೆ ಅಧಿಕಾರಿಗಳ ಪೆನ್ನು ನಿಂತುಬಿಡುತ್ತದೆ. ನೋಟಿಸ್ ಮೇಲೆ ನೋಟಿಸ್ ಹೋಗುತ್ತದೆ, ಗುಡ್ಡೆ ಬೆಳೆಯುತ್ತಲೇ ಇರುತ್ತದೆ.

ಕಾಸರಗೋಡಿನವರಾದ ನಮಗೆ ಇದರ ಉದಾಹರಣೆ ಎರಡೂ ಕಡೆ ಇದೆ. ತೆಂಕಿಗೆ ಕೊಚ್ಚಿಯ ಬ್ರಹ್ಮಪುರಂ. 2023ರ ಮಾರ್ಚ್ 2ರಂದು ಹತ್ತಿಕೊಂಡ ಬೆಂಕಿ ಆರಲು ಹತ್ತು ದಿನಕ್ಕೂ ಹೆಚ್ಚು ಬೇಕಾಯಿತು, ಊರಿಗೆ ಊರೇ ಹೊಗೆ ಕುಡಿಯಿತು. ಬಡಗಿಗೆ ಮಂಗಳೂರಿನ ಪಚ್ಚನಾಡಿ. 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜರಿದು ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಬಂತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಎರಡೂ ಕದ್ದುಮುಚ್ಚಿ ಕಸ ಸುರಿದ ಜಾಗಗಳಲ್ಲ, ಪಾಲಿಕೆಗಳೇ ನಡೆಸುತ್ತಿದ್ದ ಅಧಿಕೃತ ಜಾಗಗಳು.

ಬ್ರಹ್ಮಪುರಂ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಚ್ಚಿ ಪಾಲಿಕೆಗೆ 100 ಕೋಟಿ ರೂ. ಪರಿಹಾರ ಮೊತ್ತ ವಿಧಿಸಿತು. ದೊಡ್ಡ ಮೊತ್ತವೇ. ಆದರೆ ಪಾಲಿಕೆ ಕಟ್ಟುವ ಹಣ ಯಾರದು? ಹೊಗೆ ಕುಡಿದವರ ತೆರಿಗೆಯದ್ದೇ ಅಲ್ಲವೇ! ಇನ್ನೊಂದು ಕಡೆ, 2023ರ ಜನ ವಿಶ್ವಾಸ ಕಾಯ್ದೆ ಪರಿಸರ ಕಾಯ್ದೆಯಲ್ಲಿದ್ದ 5 ವರ್ಷದವರೆಗಿನ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂ. ವರೆಗಿನ ದಂಡ ತಂದಿದೆ. ನಿರ್ದೇಶನ ಪಾಲಿಸದ ಅಧಿಕಾರಿಗೆ ಇದ್ದ ಅಲ್ಪಸ್ವಲ್ಪ ಹೆದರಿಕೆಯೂ ಇದರಿಂದ ಕಡಿಮೆಯಾಗುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗಾದರೆ ಜನರ ಕೈಯಲ್ಲಿ ಏನಿದೆ? ಹಳೆಯದೊಂದು ದಾರಿ ಇದೆ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಚರಂಡಿ ನಾತ ತಾಳಲಾರದೆ ನಿವಾಸಿಗಳು ಹೋದದ್ದು ಮ್ಯಾಜಿಸ್ಟ್ರೇಟರ ಬಳಿಗೆ. 1980ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ದುಡ್ಡಿಲ್ಲ ಎಂಬ ನೆಪ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟರು. ಕಾಲಮಿತಿಯೊಳಗೆ ಕೆಲಸ ಮುಗಿಸಲೂ ಆದೇಶವಾಯಿತು. ಆಗಿನ ಸಿಆರ್‌ಪಿಸಿ 133ನೇ ಸೆಕ್ಷನ್ ಈಗ ಬಿಎನ್‌ಎಸ್‌ಎಸ್ 152. ನಮ್ಮಲ್ಲಿ ಇದರ ಅರ್ಜಿಯನ್ನು ಆರ್‌ಡಿಒಗೆ ಕೊಡಬಹುದು.

ಅರ್ಜಿಗೆ ಮೊದಲು ಮಾಹಿತಿ ಹಕ್ಕಿನಲ್ಲಿ ಎರಡು ಕಾಗದ ಕೇಳಿ ಇಟ್ಟುಕೊಳ್ಳಿ: ಘಟಕದ ಪರವಾನಿಗೆಯ ಷರತ್ತುಗಳು, ಮತ್ತು ಮಂಡಳಿ ಇದುವರೆಗೆ ಕೊಟ್ಟ ನಿರ್ದೇಶನಗಳು.