ಬೇಸಗೆಯ ರಜೆಯೂ ಶಿಶುಪಾಲನೆಯೂ

ಎರಡನೆಯ ವರ್ಷದ ಪಿ.ಯು.ಸಿ. ಪರೀಕ್ಷೆಯನ್ನು ಮುಗಿಸಿದ ತರುಣ ತರುಣಿಯರು, ಪ್ರವೇಶಪರೀಕ್ಷೆಗಳ ಗದ್ದಲವೊಂದನ್ನು ಬಿಟ್ಟರೆ, ಮುಂದಿನ ಕಾಲೇಜು ತೆರೆಯುವವರೆಗೆ ಮಾಡಲು ಕೆಲಸವಿಲ್ಲದೆ ಕುಳಿತಿರುವುದು ನಮ್ಮ ಪಟ್ಟಣಗಳಲ್ಲಿ ಪ್ರತಿವರ್ಷದ ಸಂಗತಿಯಾಗಿದೆ. ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ ಚಿಕ್ಕ ಮಕ್ಕಳ ಶಾಲೆಗಳು ಮುಚ್ಚಿರುತ್ತವೆ. ತಂದೆತಾಯಿಗಳಿಬ್ಬರೂ ಕಚೇರಿಗೆ ಹೋಗುವ ಮನೆಗಳಲ್ಲಿ ಆರೇಳು ವರ್ಷದ ಮಗುವನ್ನು ಯಾರ ವಶದಲ್ಲಿ ಬಿಡಬೇಕೆಂಬುದು ದೊಡ್ಡ ಚಿಂತೆಯಾಗುತ್ತದೆ. ಒಂದೇ ಬೀದಿಯ ಒಂದು ಮನೆಯಲ್ಲಿ ಕೆಲಸವಿಲ್ಲದ ಕೈಗಳು, ಇನ್ನೊಂದು ಮನೆಯಲ್ಲಿ ಕೈಗಳಿಲ್ಲದ ಕೆಲಸ! ಇವೆರಡನ್ನೂ ಕೂಡಿಸುವ ಆಲೋಚನೆಯು ನಮ್ಮ ಗೃಹಸ್ಥರಿಗೆ ಏಕೆ ಹೊಳೆಯದೆಂಬುದು ವಿಚಾರಾರ್ಹವಾಗಿದೆ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಮಗುವನ್ನು ನೋಡಿಕೊಳ್ಳುವುದು ಆಯಾ ಮಾಡತಕ್ಕ ಕೆಲಸವೆಂದೂ, ಓದಿದವರಿಗೆ ಅದು ತಕ್ಕದ್ದಲ್ಲವೆಂದೂ ನಾವು ತಿಳಿದುಕೊಂಡಿದ್ದೇವೆ. ಹುಡುಗನು ಅಂಗಡಿಯಲ್ಲಿ ಲೆಕ್ಕ ಬರೆದರೆ ಮಾನ; ಊಟದ ಪೊಟ್ಟಣಗಳನ್ನು ಹೊತ್ತು ಮನೆಮನೆಗೆ ತಿರುಗಿದರೂ ಈಗೀಗ ಮಾನಕ್ಕೆ ಕೊರತೆಯಿಲ್ಲ. ನೆರೆಮನೆಯ ಮಗುವಿಗೆ ಉಣ್ಣಿಸಿ, ಕಥೆ ಹೇಳಿ, ಅದಕ್ಕಾಗಿ ಹಣ ಪಡೆದು ತಂದನೆಂದರೆ ಮಾತ್ರ ಮನೆತನದ ಮರ್ಯಾದೆಗೆ ಕುಂದೆಂದು ಹಿರಿಯರು ಹುಬ್ಬುಗಂಟಿಕ್ಕುತ್ತಾರೆ.

ಅಮೇರಿಕಾ ದೇಶದಲ್ಲಿ ಈ ಸಂಕೋಚವಿಲ್ಲ. ನೆರೆಹೊರೆಯ ವಿದ್ಯಾರ್ಥಿನಿಗೆ ಗಂಟೆಗಿಷ್ಟೆಂದು ಗೊತ್ತುಮಾಡಿ, ಮಗುವನ್ನು ಒಪ್ಪಿಸಿ ಹೋಗುವ ರೂಢಿಯು ಅಲ್ಲಿ ಕಳೆದ ಶತಮಾನದ ನಡುವಿನಿಂದಲೇ ಬೇರೂರಿದೆ. ‘ಬೇಬಿಸಿಟರ್’ ಎಂಬ ಶಬ್ದವು 1930ರ ದಶಕದಷ್ಟು ಹಳೆಯದು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಮಾಡಬೇಕಾದುದೇನು, ಸುಟ್ಟ ಗಾಯಕ್ಕೆ ಮೊದಲ ಉಪಚಾರವೇನು ಎಂಬುದನ್ನು ಅಲ್ಲಿಯ ರೆಡ್‌ಕ್ರಾಸ್ ಸಂಸ್ಥೆಯು ಎಳೆಯರಿಗೆ ಕ್ರಮವಾಗಿ ಕಲಿಸುತ್ತದೆ. ಹಾಗೆಂದು ಆ ದೇಶದ ಎಲ್ಲವನ್ನೂ ನಾವು ಹೊಗಳಲಾರೆವು. 1974ರಲ್ಲಿ ಮನೆಗೆಲಸದವರಿಗೂ ಕನಿಷ್ಠ ಕೂಲಿಯ ರಕ್ಷಣೆಯನ್ನು ವಿಸ್ತರಿಸಿದ ಅಲ್ಲಿಯ ಶಾಸನಸಭೆಯು, ಬಿಡುವಿನ ಹೊತ್ತಿನಲ್ಲಿ ಮಗು ನೋಡಿಕೊಳ್ಳುವವರನ್ನು ಮಾತ್ರ ಆ ರಕ್ಷಣೆಯಿಂದ ಹೊರಗಿಟ್ಟಿತು. ಪ್ರೀತಿಯಿಂದ ಮಾಡತಕ್ಕ ಕೆಲಸಕ್ಕೆ ಬೆಲೆ ಕಟ್ಟಲಾಗದೆಂಬ ಮಾತು ಎಲ್ಲ ದೇಶಗಳಲ್ಲಿಯೂ ಬೆಲೆ ಕೊಡದಿರುವುದಕ್ಕೆ ಒಳ್ಳೆಯ ನೆಪವಾಗಿದೆ. ನಮ್ಮಲ್ಲಿಯೂ ಹಾಗೆಯೇ. 1975ರ ಅಕ್ಟೋಬರ್ 2ರಂದು ಆರಂಭವಾದ ಅಂಗನವಾಡಿ ಯೋಜನೆಯ ಕಾರ್ಯಕರ್ತೆಯರಿಗೆ ಸಲ್ಲುತ್ತ ಬಂದಿರುವುದು ಸಂಬಳವಲ್ಲ, ‘ಗೌರವಧನ’. ಅವರಿಗೆ ಗ್ರ್ಯಾಚುಯಿಟಿಯ ಹಕ್ಕುಂಟೆಂದು ಸುಪ್ರೀಂ ಕೋರ್ಟು ಹೇಳಬೇಕಾದರೆ 2022ನೆಯ ಇಸವಿ ಬರಬೇಕಾಯಿತು.

ಆದುದರಿಂದ ನಾವು ಮೊದಲು ಹೇಳುವುದು ಹಣದ ಮಾತನ್ನೇ. ತರುಣನು ದುಡಿದರೆ ಕೂಲಿ ಸಲ್ಲಬೇಕು. ಹಬ್ಬಕ್ಕೊಂದು ಅಂಗಿ ಕೊಡಿಸಿ ಕೈತೊಳೆದುಕೊಳ್ಳಬಾರದು. ಆದರೆ ಈ ಕೆಲಸದ ಲಾಭವು ಹಣದಲ್ಲಿಯೇ ಮುಗಿಯತಕ್ಕದ್ದಲ್ಲ. ಹದಿನೆಂಟು ವರ್ಷದವನು ದಿನಕ್ಕೆ ನಾಲ್ಕು ಗಂಟೆ ಐದು ವರ್ಷದ ಮಗುವಿನೊಡನೆ ಕುಳಿತು ನೋಡಲಿ. ಚಂದ್ರನು ನಮ್ಮ ಜೊತೆಗೇ ಏಕೆ ಬರುತ್ತಾನೆ, ಇರುವೆಗೆ ನಿದ್ರೆಯುಂಟೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವಾಗ ತನ್ನ ಹನ್ನೆರಡು ವರ್ಷದ ವಿದ್ಯೆಯಲ್ಲಿ ಬಾಯಿಪಾಠವೆಷ್ಟು, ತಿಳಿವೆಷ್ಟು ಎಂಬುದು ಅವನಿಗೇ ಗೊತ್ತಾಗುವುದು. ಹಟ ಹಿಡಿದ ಕೂಸನ್ನು ಗದರಿಸದೆ ಒಲಿಸಿಕೊಳ್ಳುವುದನ್ನು ಕಲಿತವನು ಮುಂದೆ ಕಚೇರಿಯ ಮೇಜಿನ ಹಿಂದೆ ಕುಳಿತಾಗ ಅರ್ಜಿ ಹಿಡಿದು ಬಂದ ರೈತನೊಡನೆ ಹೇಗೆ ಮಾತನಾಡಿಯಾನೆಂದು ಅಧಿಕಾರಿಗಳಾದ ವಾಚಕರು ಊಹಿಸಬಲ್ಲರು. ಇನ್ನು ಮಗುವಿಗಾಗುವ ಲಾಭ: ದಿನವೆಲ್ಲ ಮೊಬೈಲಿನ ತೆರೆಯನ್ನು ದಿಟ್ಟಿಸುವ ಬೆಂಗಳೂರಿನ ಮಗುವಿಗೆ ನಾಲ್ಕು ಗಂಟೆಯ ಕಾಲ ಬಾಯ್ತುಂಬ ಕನ್ನಡ ಮಾತನಾಡುವ ಜೊತೆಗಾರ ಸಿಕ್ಕುವುದೇನು ಅಲ್ಪವೇ?

ಇದು ಹೆಣ್ಣುಮಕ್ಕಳ ಕೆಲಸವೆಂದು ಮೂಗೆಳೆಯುವವರು ಗುಜರಾತದ ಗಿಜುಭಾಯಿ ಬಧೇಕಾ ಅವರನ್ನು ನೆನೆಯಬೇಕು. ವಕೀಲಿಯನ್ನು ಬಿಟ್ಟು ಬಂದ ಆ ಮಹನೀಯರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಜನರು ಅವರನ್ನು ‘ಮೀಸೆಯ ತಾಯಿ’ ಎಂದು ಅಕ್ಕರೆಯಿಂದ ಕರೆದರು.

ಆದರೆ ಒಂದು ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕಾಗಿದೆ. ನಾವು ಹೇಳುತ್ತಿರುವುದು ಬೆಳೆದ ವಿದ್ಯಾರ್ಥಿಗಳ ರಜೆಯ ದುಡಿಮೆಯನ್ನು. ಹತ್ತು ವರ್ಷದ ಹುಡುಗಿಯನ್ನು ಹಳ್ಳಿಯಿಂದ ಕರೆತಂದು, ಸಾಹುಕಾರರ ಕೂಸನ್ನು ಅವಳ ಸೊಂಟಕ್ಕೆ ಕಟ್ಟುವುದು ಉದ್ಯೋಗವಲ್ಲ, ಅಪರಾಧ. ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಯಿತು. 2016ರ ತಿದ್ದುಪಡಿಯು ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ನೇಮಿಸಕೂಡದೆಂದು ವಿಧಿಸಿತು. ಶಾಲೆಯ ಹೊತ್ತಿನ ಹೊರಗೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಬಹುದೆಂಬ ವಿನಾಯಿತಿಯನ್ನು ಉಳಿಸಿತು. ಆ ವಿನಾಯಿತಿಯ ಸಂದಿನಲ್ಲಿ ತಮ್ಮನನ್ನು ಎತ್ತಿಕೊಂಡ ಅಕ್ಕನ ರಜೆ ಜೂನ್ ಬಂದರೂ ಮುಗಿಯದಿರುವುದುಂಟು. ತಾಯಿ ಕೂಲಿಗೆ ಹೋದರೆ ಅಕ್ಕನಿಗೆ ಶಾಲೆಯಿಲ್ಲ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಇವರು ಕೋಸಬಾಡದ ಆದಿವಾಸಿಗಳ ನಡುವೆ ಇದನ್ನು ಕಣ್ಣಾರೆ ಕಂಡು, ಕೂಸುಗಳ ತೊಟ್ಟಿಲು, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆಗೆ ತಂದರು. ತಮ್ಮನನ್ನು ತೊಟ್ಟಿಲಲ್ಲಿ ಬಿಟ್ಟು ಅಕ್ಕನು ಪಾಠಕ್ಕೆ ಕುಳಿತುಕೊಳ್ಳಬಹುದಾಯಿತು. ಪಟ್ಟಣದ ತರುಣನಿಗೆ ಶಿಶುಪಾಲನೆಯು ವಿದ್ಯೆಯಾಗಬೇಕಾದರೆ, ಹಳ್ಳಿಯ ಹುಡುಗಿಗೆ ಅದು ವಿದ್ಯೆಯನ್ನು ತಪ್ಪಿಸುವ ಹೊರೆಯಾಗದಂತೆ ನೋಡಿಕೊಳ್ಳುವ ಭಾರವೂ ನಮ್ಮ ಮೇಲಿದೆ.

ಮುಂದಿನ ಬೇಸಗೆಗೆ ಮಾಡಬಹುದಾದುದು ಹೆಚ್ಚೇನಲ್ಲ. ಪರೀಕ್ಷೆ ಮುಗಿದ ವಾರದಲ್ಲಿ ಕಾಲೇಜುಗಳವರು ಒಂದು ಕೋಣೆಯನ್ನು ಬಿಟ್ಟುಕೊಟ್ಟು, ಊರಿನ ವೈದ್ಯರೊಬ್ಬರನ್ನೂ ಅನುಭವವುಳ್ಳ ಅಂಗನವಾಡಿ ಕಾರ್ಯಕರ್ತೆಯೊಬ್ಬರನ್ನೂ ಕರೆಸಿ ನಾಲ್ಕು ದಿನ ಪಾಠ ಹೇಳಿಸಲಿ. ಆ ಕಾರ್ಯಕರ್ತೆಗೂ ವೈದ್ಯರಿಗೂ ಒಂದೇ ಸಂಭಾವನೆ ಸಲ್ಲಲಿ. ಮನೆಯವರು ಹೊತ್ತನ್ನೂ ಕೂಲಿಯನ್ನೂ ಮುಂಗಡವಾಗಿ ಗೊತ್ತುಮಾಡಿಕೊಳ್ಳಲಿ. ಮಗುವನ್ನು ನೋಡಿಕೊಳ್ಳಲು ಬಂದವನಿಗೆ ಪಾತ್ರೆ ಬೆಳಗುವ ಕೆಲಸವನ್ನೂ ಅಂಟಿಸದಿರಲಿ. ವಾರದ ಕೊನೆಗೆ ಹಣವನ್ನು ಎಣಿಸಿಕೊಡುವಾಗ ತಂದೆಯ ಕೈಗೆ ಕೊಡದೆ, ದುಡಿದವರ ಕೈಗೇ ಕೊಡಲಿ.