ಗುಲ್‌ಬೇಲ್‌ಗೂ ಒಂದು ಅಳತೆ ಇದೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಅಮೃತಬಳ್ಳಿಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊಲದ ಬೇಲಿಗೆ, ಹಿತ್ತಲಿನ ಬೇವಿನ ಮರಕ್ಕೆ, ಖಬರಸ್ತಾನದ ಗೋಡೆಗೆ ಅದು ತಾನಾಗಿಯೇ ಹಬ್ಬಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಗುಲ್‌ಬೇಲ್ ಎನ್ನುತ್ತಾರೆ. ಯುನಾನಿ ಪುಸ್ತಕಗಳಲ್ಲಿ ಅದು ಗಿಲೋ, ಆಯುರ್ವೇದದವರಿಗೆ ಗುಡೂಚಿ. ಹೆಸರು ಯಾವುದಾದರೂ ಬಳ್ಳಿ ಒಂದೇ. ಹಳೆಯ ಜ್ವರಕ್ಕೆ, ಮೈಕೈ ನೋವಿಗೆ, ಸಕ್ಕರೆ ಕಾಯಿಲೆಗೆ ಎರಡೂ ಪದ್ಧತಿಯವರು ಇದನ್ನು ತಲೆಮಾರುಗಳಿಂದ ಕೊಡುತ್ತಾ ಬಂದಿದ್ದಾರೆ. ನಾನೂ ಕೊಡುತ್ತೇನೆ.

ಹಾಗಿರುವಾಗ ಇದರ ಬಗ್ಗೆ ಎಚ್ಚರಿಕೆಯ ಮಾತು ಏಕೆ ಎಂದು ಓದುಗರು ಕೇಳಬಹುದು. ಕಾರಣ ನನ್ನದೇ ಒಂದು ತಪ್ಪು.

ಕೊರೋನಾದ ಎರಡನೇ ಅಲೆಯ ದಿನಗಳು. ಹಾನಗಲ್ ತಾಲೂಕಿನ ಒಂದು ಹಳ್ಳಿಯ ತಾಯಿಯೊಬ್ಬರು ಮಗನ ಜೊತೆ ದವಾಖಾನೆಗೆ ಬಂದಿದ್ದರು. ಬಂದದ್ದು ಮಗನ ಕೆಮ್ಮಿಗೆ. ಹೋಗುವಾಗ ಬಾಗಿಲಲ್ಲಿ ನಿಂತು, "ಹಕೀಮ್ ಸಾಬ್ರ, ದಿನಾ ಮುಂಜಾನೆ ಅಮೃತಬಳ್ಳಿ ಕುದಿಸಿ ಕುಡಿಲಿಕ್ಹತ್ತೀವಿ. ಕುಡಿಬಹುದಲ್ರೀ?" ಎಂದು ಕೇಳಿದರು. ಹೊರಗೆ ಸಾಲು ದೊಡ್ಡದಿತ್ತು. ನಾನು ತಲೆ ಎತ್ತದೆ, "ಕುಡೀರಿ ಅಮ್ಮಾ, ಅದರಿಂದೇನೂ ಆಗೂದಿಲ್ಲ" ಎಂದೆ. ಎಷ್ಟು ಕುಡಿಯುತ್ತೀರಿ, ಎಷ್ಟು ದಿನದಿಂದ, ಬೇರೆ ಯಾವ ಗುಳಿಗೆ ನುಂಗುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಎರಡು ತಿಂಗಳ ಮೇಲೆ ಆಕೆ ಮತ್ತೆ ಬಂದಾಗ ಕಣ್ಣು ಹಳದಿಯಾಗಿತ್ತು. ಊಟ ಸೇರುತ್ತಿರಲಿಲ್ಲ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಕಾಮಾಲೆ ಎಂದು ಮನೆಯವರು ಕಷಾಯವನ್ನು ನಿಲ್ಲಿಸುವ ಬದಲು ಎರಡು ಹೊತ್ತಿಗೆ ಏರಿಸಿದ್ದರು. ಅದೇನು ಅವರ ಮೂಢತನವಲ್ಲ. ಕಾಮಾಲೆಗೆ ಅಮೃತಬಳ್ಳಿ ಕೊಡುವ ರೂಢಿ ನಮ್ಮ ವೈದ್ಯದಲ್ಲೇ ಇದೆ. ಆಕೆಗೆ ಮೊದಲಿನಿಂದ ಥೈರಾಯ್ಡ್ ತೊಂದರೆ ಇತ್ತೆಂದು ನನಗೆ ತಿಳಿದದ್ದು ಅಂದೇ. ಕಷಾಯ ನಿಲ್ಲಿಸಿಸಿ, ರಕ್ತ ಪರೀಕ್ಷೆ ಮಾಡಿಸಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಾಹನ ದಯೆಯಿಂದ ಕೆಲವು ವಾರಗಳಲ್ಲಿ ಚೇತರಿಸಿಕೊಂಡರು. ಬಳ್ಳಿಯೇ ಕಾರಣ ಎಂದು ಒಂದೇ ಪ್ರಕರಣ ನೋಡಿ ನಾನು ಆಣೆ ಮಾಡಿ ಹೇಳಲಾರೆ. ಆದರೆ "ಏನೂ ಆಗೂದಿಲ್ಲ" ಎಂಬ ಮಾತನ್ನು ಅಂದಿನಿಂದ ಯಾವ ಗಿಡಮೂಲಿಕೆಯ ಬಗ್ಗೆಯೂ ಆಡಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಇದು ನನ್ನೊಬ್ಬನ ಅನುಭವವಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತಿಗೆ ಪೆಟ್ಟು ಬಿದ್ದ 6 ಜನರನ್ನು ಗುರುತಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಕೇಂದ್ರದ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೋ ಅದರಂತೆಯೇ ಕಾಣುವ ಟೈನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿಯೋ ಎಂದು ಪರೀಕ್ಷಿಸಿಲ್ಲ ಎಂಬುದು ಅದರ ಆಕ್ಷೇಪ. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಇಂಥದೇ 43 ರೋಗಿಗಳ ವಿವರ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಕುಡಿಯಲು ಆರಂಭಿಸಿ ತೊಂದರೆ ಕಾಣಿಸಿಕೊಳ್ಳಲು ಹಿಡಿದದ್ದು ಸುಮಾರು 46 ದಿನ. ತಮ್ಮ ದೇಹದ ರಕ್ಷಣಾ ಶಕ್ತಿಯೇ ತಮ್ಮ ಯಕೃತ್ತಿನ ಮೇಲೆ ತಿರುಗಿಬಿದ್ದ ಗುರುತು ಅವರಲ್ಲಿ ಹಲವರ ರಕ್ತದಲ್ಲಿ ಕಂಡಿತು. ಮೊದಲೇ ಯಕೃತ್ತಿನ ಕಾಯಿಲೆ ಇದ್ದವರಿಗೆ ಹೆಚ್ಚು ಕಷ್ಟವಾಯಿತು. ಸಚಿವಾಲಯ ಆಗಲೂ ಅಮೃತಬಳ್ಳಿ ಸುರಕ್ಷಿತ ಎಂದೇ ಹೇಳಿತು.

ನಾನು ಯಾರ ಪಕ್ಷ? ಕೋಟ್ಯಂತರ ಜನ ಕುಡಿದಿರುವಾಗ 43 ಜನರ ಸಂಖ್ಯೆ ಸಣ್ಣದು, ನಿಜ. ಬೇರೆ ಬಳ್ಳಿ ಬೆರೆತಿರುವ ಸಾಧ್ಯತೆಯೂ ಇಲ್ಲದಿಲ್ಲ. ಆದರೆ ನಮ್ಮ ಪದ್ಧತಿಯ ಮೇಲೆ ಯಾರಾದರೂ ಪ್ರಶ್ನೆ ಎತ್ತಿದ ಕೂಡಲೇ ಅದನ್ನು ಇಂಗ್ಲಿಷ್ ಔಷಧದವರ ಪಿತೂರಿ ಎನ್ನುವ ನಮ್ಮವರ ಚಾಳಿ ನನಗೆ ಹಿಡಿಸುವುದಿಲ್ಲ. ಹಕೀಮ್ ಅಜ್ಮಲ್ ಖಾನರು ದೆಹಲಿಯಲ್ಲಿ ತಿಬ್ಬಿಯಾ ಕಾಲೇಜು ಕಟ್ಟಿದರು, 1921ರಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. ಹಳೆಯ ಔಷಧಗಳನ್ನು ಹೊಸ ವಿಜ್ಞಾನದ ಮುಂದಿಟ್ಟು ಪರೀಕ್ಷಿಸಬೇಕು ಎಂದು ಹಟ ಹಿಡಿದವರು ಅವರೇ. ಆ ಹಟದಿಂದಲೇ ಸಲೀಮುಜ್ಜಮಾನ್ ಸಿದ್ದೀಖಿಯವರು ಸರ್ಪಗಂಧದ ಬೇರನ್ನು ಪರೀಕ್ಷೆಗೆ ಒಡ್ಡಿ, ಅದರಿಂದ ಬೇರ್ಪಡಿಸಿದ ಒಂದು ಸತ್ವಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು. ಪ್ರತಿ ವರ್ಷ ಫೆಬ್ರವರಿ 11ರಂದು ಅಜ್ಮಲ್ ಖಾನರ ಹೆಸರಲ್ಲಿ ಯುನಾನಿ ದಿನ ಆಚರಿಸಿ ಹಾರ ಹಾಕುವ ನಾವು ಪರೀಕ್ಷೆಗೆ ಹೆದರಿದರೆ ಹೇಗೆ?

ಇನ್ನೊಂದು ಮಾತು. "ಯುನಾನಿಯಲ್ಲಿ ಸೈಡ್ ಇಫೆಕ್ಟ್ ಇಲ್ಲ" ಎಂದು ಬೋರ್ಡಿನ ಮೇಲೆ ಬರೆಸುವವರು ನಮ್ಮ ಪುಸ್ತಕ ತೆರೆದು ನೋಡಿಲ್ಲ. ಯುನಾನಿ ಔಷಧ ಗ್ರಂಥಗಳಲ್ಲಿ ಒಂದೊಂದು ಮೂಲಿಕೆಯ ಗುಣ ಬರೆದ ಮೇಲೆ ಮುಜಿರ್, ಅಂದರೆ ಯಾವ ಅಂಗಕ್ಕೆ ಅದರಿಂದ ಕೇಡು ಎಂದು ಬರೆದಿರುತ್ತದೆ. ಆ ಕೇಡನ್ನು ತಿದ್ದುವ ಪದಾರ್ಥ ಮುಸ್ಲಿಹ್. ಅದು ಸಿಗದಿದ್ದರೆ ಬದಲಿಗೆ ಏನು ಎಂಬುದು ಬದಲ್. ಕೊನೆಗೆ ಮಿಕ್ದಾರೆ ಖೂರಾಕ್, ಅಂದರೆ ತೆಗೆದುಕೊಳ್ಳಬೇಕಾದ ಪ್ರಮಾಣ. ಇದರ ಮೇಲೆ ರೋಗಿಯ ಮಿಜಾಜು, ವಯಸ್ಸು, ಋತು ನೋಡಬೇಕು. ಕೇಡಿಲ್ಲದ ಔಷಧ ಇದ್ದಿದ್ದರೆ ಹಕೀಮರು ಇಷ್ಟೆಲ್ಲ ಬರೆಯುವ ಶ್ರಮ ಪಡುತ್ತಿರಲಿಲ್ಲ. ವಾಟ್ಸಾಪ್ ಮೆಸೇಜಿನಲ್ಲಿ ಬರುವುದು ಗುಣದ ಭಾಗ ಮಾತ್ರ.

ಪ್ರಮಾಣದ ಮಾತಿಗೆ ಬರೋಣ. ಔಷಧವಾಗಿ ಬಳಸುವುದು ಬಳ್ಳಿಯ ಕಾಂಡವನ್ನು. ನಮ್ಮ ಕಡೆ ಎಲೆ ಅರೆದು ಕುಡಿಯುವವರೇ ಹೆಚ್ಚು. ಒಣಗಿಸಿದ ಕಾಂಡದ ಪುಡಿಯಾದರೆ ದೊಡ್ಡವರಿಗೆ ದಿನಕ್ಕೆ 3ರಿಂದ 6 ಗ್ರಾಂ ಎಂದು ಆಯುರ್ವೇದದ ಅಧಿಕೃತ ಔಷಧಕೋಶ ಹೇಳುತ್ತದೆ. 6 ಗ್ರಾಂ ಎಂದರೆ ಚಹಾ ಚಮಚದಲ್ಲಿ ಎರಡು ಚಮಚದ ಆಸುಪಾಸು. ಕೊರೋನಾ ಕಾಲದಲ್ಲಿ ಆಯುಷ್ ಸಚಿವಾಲಯ ತಡೆಗಾಗಿ ಇದರ ಗುಳಿಗೆಯನ್ನು ಸೂಚಿಸಿದಾಗಲೂ 15 ದಿನ ಅಥವಾ ಒಂದು ತಿಂಗಳು ಎಂದು ಅವಧಿ ಹಾಕಿತ್ತು. ಸಚಿವಾಲಯ ಮನೆಯಲ್ಲಿ ಕುಡಿಯಿರೆಂದ ಆಯುಷ್ ಕ್ವಾಥದಲ್ಲಿ ಇದ್ದದ್ದು ತುಳಸಿ, ದಾಲ್ಚಿನ್ನಿ, ಶುಂಠಿ, ಮೆಣಸು. ಅಮೃತಬಳ್ಳಿ ಅದರಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿದವರು ನಾವು, ದಿನಗಳ ಲೆಕ್ಕ ಬಿಟ್ಟವರೂ ನಾವು. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸದೆ ಕುಡಿಯುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳುವ ಹಿರೇಕೆರೂರಿನ ಒಬ್ಬ ಚಾಚಾ ನನ್ನ ರೋಗಿ. ಔಷಧವನ್ನು ಚಹಾ ಮಾಡಿಕೊಂಡಿದ್ದೀರಿ ಎಂದರೆ ನಗುತ್ತಾರೆ.

ಬಳ್ಳಿ ಗುರುತಿಸುವುದು ಸುಲಭ ಎಂದು ಎಲ್ಲರೂ ತಿಳಿದಿದ್ದಾರೆ. ಹೃದಯದಾಕಾರದ ಎಲೆ ಕಂಡರೆ ಸಾಕು, ಕಿತ್ತುಕೊಂಡು ಬರುತ್ತಾರೆ. ಆದರೆ ಹೃದಯದಾಕಾರದ ಎಲೆ ಸವಣೂರಿನ ವೀಳ್ಯದ ಬಳ್ಳಿಗೂ ಇದೆಯಲ್ಲ! ಅಮೃತಬಳ್ಳಿಯ ಎಲೆ ನುಣುಪು. ಕಾಂಡದ ಮೇಲಿನ ಸಿಪ್ಪೆ ಕಾಗದದಂತೆ ತೆಳ್ಳಗೆ ಸುಲಿಯುತ್ತದೆ, ಒಳಗೆ ಹಸಿರು ಕಾಣುತ್ತದೆ. ಅಡ್ಡ ಕತ್ತರಿಸಿದರೆ ಒಳಗೆ ಬಂಡಿಯ ಗಾಲಿಯ ಅರೆಗಳಂತೆ ಗೆರೆ ಇರುತ್ತವೆ. ಮೇಲಿನಿಂದ ದಾರದಂಥ ಬೇರುಗಳು ಇಳಿಬಿದ್ದಿರುತ್ತವೆ. ಕಾಯಿ ಬಟಾಣಿಯಷ್ಟು, ಹಣ್ಣಾದಾಗ ಕೆಂಪು. ಎಲೆಯ ಮೇಲೆ ಮೃದುವಾದ ರೋಮ ಕಂಡರೆ ಅದು ಬೇರೆ ಜಾತಿ, ಅಥವಾ ನೀರಲ್ಲಿ ಹಿಚುಕಿದರೆ ಹೆಪ್ಪುಗಟ್ಟುವ ದಾಗಡಿ ಬಳ್ಳಿ. ಕಾಂಡದ ತುಂಬ ದಪ್ಪ ದಪ್ಪ ಗಂಟುಗಳಿದ್ದರೆ ಮುಟ್ಟಬೇಡಿ, ಮೇಲೆ ಹೇಳಿದ ಕ್ರಿಸ್ಪಾ ಹಾಗಿರುತ್ತದೆ. ಈಗ ನರ್ಸರಿಗಳಿಂದ ಬಳ್ಳಿ ತಂದು ಕುಂಡದಲ್ಲಿ ಬೆಳೆಸುವವರು ಹೆಚ್ಚಿರುವುದರಿಂದ ಇದನ್ನು ಹೇಳುತ್ತಿದ್ದೇನೆ.

ಬಳ್ಳಿ ಅಸಲಿಯಾದರೂ ಬೆಳೆದ ಜಾಗ ನೋಡಬೇಕು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳ ಬೇಲಿಯಲ್ಲಿರುವ ಬಳ್ಳಿಗೂ ಹೊಲಕ್ಕೆ ಹೊಡೆದ ಎಣ್ಣೆ ಬೀಳುತ್ತದೆ. ಊರೊಳಗಿನ ಬಳ್ಳಿ ಎಷ್ಟೋ ಕಡೆ ಗಟಾರದ ಅಂಚಿನಲ್ಲಿ ಹುಟ್ಟಿರುತ್ತದೆ. ವೀಳ್ಯದ ಎಲೆಯನ್ನು ಎರಡೂ ಬದಿ ಒರೆಸಿ, ತೊಟ್ಟು ಮುರಿದು ಬಾಯಿಗಿಡುವ ನಮ್ಮ ಜನ ಅಮೃತಬಳ್ಳಿಯನ್ನು ಮಣ್ಣು ಸಮೇತ ಕುಕ್ಕರಿಗೆ ಹಾಕುವುದನ್ನು ಕಂಡಿದ್ದೇನೆ. ಬೇವಿನ ಮರಕ್ಕೆ ಹಬ್ಬಿದ, ಹೆಬ್ಬೆರಳು ಗಾತ್ರದ ಕಾಂಡ ಒಳ್ಳೆಯದೆಂದು ಹಿರಿಯ ವೈದ್ಯರು ಹೇಳುತ್ತಾರೆ. ಅದನ್ನು ಉಜ್ಜಿ ತೊಳೆದು ಮೇಲಿನ ಸಿಪ್ಪೆ ಹೆರೆದು ತೆಗೆಯಿರಿ. ಅಂಗಡಿಯಿಂದ ಸತ್ ಗಿಲೋ ಕೊಳ್ಳುವವರಿಗೂ ಒಂದು ಮಾತು. ಅದು ಕಾಂಡವನ್ನು ಜಜ್ಜಿ ನೀರಲ್ಲಿ ನೆನೆಹಾಕಿ, ಸೋಸಿ, ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಒಣಗಿಸಿದ್ದು. ಬೇರೆ ಹಿಟ್ಟು ಬೆರೆಸಿದರೆ ಬರಿಗಣ್ಣಿಗೆ ತಿಳಿಯುವುದಿಲ್ಲ. ಅಗ್ಗಕ್ಕೆ ಸಿಕ್ಕರೆ ಸಂಶಯಪಡಿ.

ನನಗೆ ಹೆಚ್ಚು ಚಿಂತೆ ಸಕ್ಕರೆ ಕಾಯಿಲೆಯವರದು. ಅಮೃತಬಳ್ಳಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಆಸ್ಪತ್ರೆಯ ಗುಳಿಗೆಯೂ ಇಳಿಸುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡು, ರಮಝಾನ್‌ನಲ್ಲಿ ಸಹ್ರಿಗೆ ಒಂದು ಲೋಟ ಕಷಾಯ ಕುಡಿದು ದಿನವಿಡೀ ಉಪವಾಸವಿದ್ದರೆ ಅಸರ್ ಹೊತ್ತಿಗೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರಬಹುದು. ಅಂಥ ಹೊತ್ತಲ್ಲಿ ಸಕ್ಕರೆ ನೀರು ಕುಡಿದು ಉಪವಾಸ ಬಿಡಲು ಶರೀಅತ್ತಿನಲ್ಲಿ ರಿಯಾಯಿತಿ ಇದೆ, ಹಿಂಜರಿಯಬೇಡಿ. ಸಂಧಿವಾತ, ಥೈರಾಯ್ಡ್ ಮುಂತಾದ, ದೇಹದ ರಕ್ಷಣಾ ಶಕ್ತಿಯೇ ಕೆರಳಿ ಬರುವ ಕಾಯಿಲೆಗಳಿರುವವರು, ಕಿಡ್ನಿ ಬದಲಿಸಿಕೊಂಡವರು, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತಾವಾಗಿ ಇದನ್ನು ಕುಡಿಯಲೇಬಾರದು ಎಂಬುದು ನನ್ನ ಅಭಿಪ್ರಾಯ. ಆಪರೇಷನ್ ಇದ್ದರೆ ಮೊದಲೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಕುಡಿಯುತ್ತಿರುವಾಗ ಹಸಿವೆ ಸತ್ತರೆ, ವಾಕರಿಕೆ, ಮೈ ತುರಿಕೆ ಶುರುವಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸಿ.

ಆಸ್ಪತ್ರೆಯಲ್ಲಿ "ಯಾವ ಔಷಧ ತಗೋತೀರಿ?" ಎಂದು ಕೇಳಿದರೆ ನಮ್ಮವರು ಕಷಾಯದ ಹೆಸರು ಹೇಳುವುದಿಲ್ಲ. ಅದು ಔಷಧವಲ್ಲ, ಮನೆಮದ್ದು ಎಂಬ ಭಾವನೆ ಒಂದು, ಬೈಯುತ್ತಾರೆಂಬ ಅಂಜಿಕೆ ಇನ್ನೊಂದು. ಬೈದರೂ ಹೇಳಿ. ಇದೇ ಮಾತು ನಮ್ಮ ದವಾಖಾನೆಗೂ ಅನ್ವಯಿಸುತ್ತದೆ. ಇಂಗ್ಲಿಷ್ ಗುಳಿಗೆಯ ಚೀಟಿ ಮುಚ್ಚಿಟ್ಟುಕೊಂಡು ನನ್ನ ಮುಂದೆ ಕೂರಬೇಡಿ.

ಮಸೀದಿ ಕಮಿಟಿಯವರಲ್ಲಿ ನನ್ನದೊಂದು ಕೋರಿಕೆ. ಊರಲ್ಲಿ ಜ್ವರ ಹಬ್ಬಿದಾಗ ಜುಮಾ ನಮಾಝ್ ಆದಮೇಲೆ ದೇಗ್‌ನಲ್ಲಿ ಕಷಾಯ ಕಾಸಿ ಎಲ್ಲರಿಗೂ ಹಂಚುವುದು ಸದುದ್ದೇಶದ್ದೇ. ಆದರೆ ಸಾಲಿನಲ್ಲಿ ನಿಂತವರಲ್ಲಿ ಯಾರಿಗೆ ಸಕ್ಕರೆ ಇದೆ, ಯಾರ ಯಕೃತ್ತು ಕೆಟ್ಟಿದೆ ಎಂದು ಸೌಟು ಹಿಡಿದವರಿಗೆ ಗೊತ್ತಿರುವುದಿಲ್ಲ. ವೈದ್ಯ ತಿಳಿಯದೆ ವೈದ್ಯ ಮಾಡಿದವನು ಆದ ಹಾನಿಗೆ ಹೊಣೆಗಾರ ಎಂದು ನಮ್ಮ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಂಚಲೇಬೇಕೆಂದಿದ್ದರೆ ಶುಂಠಿ, ಜೀರಿಗೆ ಹಾಕಿದ ಬಿಸಿನೀರು ಸಾಕು. ಅದರ ಜೊತೆ ಸಕ್ಕರೆ, ಬಿಪಿ ತಪಾಸಣೆಯ ಒಂದು ಮೇಜು ಹಾಕಿಸಿ. ಬಂದು ಕೂರಲು ನಮ್ಮಂಥವರು ಸಿದ್ಧರಿದ್ದೇವೆ.

ಈಗಾಗಲೇ ತಿಂಗಳುಗಟ್ಟಲೆ ಕುಡಿಯುತ್ತಿರುವವರು ರಮಝಾನ್ ಬರುವ ಮೊದಲೇ ನಿಮ್ಮ ಹಕೀಮರನ್ನೋ ಡಾಕ್ಟರನ್ನೋ ಕಾಣಿ. ಹೋಗುವಾಗ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ. ಕುದಿಸುವ ಬಳ್ಳಿಯದೂ ಒಂದು ಗೇಣಿನ ತುಂಡು, ಎರಡು ಎಲೆ ಚೀಲದಲ್ಲಿ ಹಾಕಿಕೊಂಡು ಹೋಗಿ.